ನೆಲವೇ ಡೊಂಕಾದರೆ

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ತನ್ನ ಕೊರತೆಯನ್ನು ಮರೆಮಾಚಲು ಹೊರಗಿನದನ್ನು ದೂರುವವರನ್ನು ಅದು ಪರಿಹಾಸ ಮಾಡುತ್ತದೆ. ಗಾದೆಯ ಮಾತು ದಿಟವೇ. ಆದರೆ ನೆಲವೇ ನಿಜವಾಗಿ ಡೊಂಕಾಗಿರುವ ಸಂದರ್ಭಗಳೂ ಉಂಟು. ಆಗಲೂ ಕುಣಿಯುವವಳನ್ನೇ ಹಳಿಯುವುದು ನ್ಯಾಯವೇ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿದುದು ಒಂದು ಗ್ರಂಥಾಲಯದಲ್ಲಿ. ಅಲ್ಲಿ ಪುಸ್ತಕಗಳನ್ನು ಹುಡುಕಲು ಕಂಪ್ಯೂಟರನ್ನು ಇರಿಸಿದ್ದರು. ಒಬ್ಬ ಹುಡುಗನು ಅದರ ಮುಂದೆ ಕುಳಿತು, ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚುಕಟ್ಟಾಗಿ ಬರೆದನು. ಪರದೆಯ ಮೇಲೆ ‘ಯಾವ ಪುಸ್ತಕವೂ ದೊರೆಯಲಿಲ್ಲ’ ಎಂಬ ಉತ್ತರ ಬಂದಿತು. ಮತ್ತೊಮ್ಮೆ ಬರೆದನು, ಮತ್ತೆ ಅದೇ ಉತ್ತರ. ‘ನನಗೆ ಹುಡುಕಲು ಬರುವುದಿಲ್ಲ’ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅವನು ಎದ್ದುಹೋದನು. ಆ ಕಾದಂಬರಿಯಾದರೋ ಅಲ್ಲಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿಯೇ ಇದ್ದಿತು. ಅದರ ಹೆಸರನ್ನು ರೋಮನ್ ಲಿಪಿಯಲ್ಲಿ ಮಾತ್ರ ದಾಖಲಿಸಿದ್ದರಿಂದ ಯಂತ್ರವು ಅದನ್ನು ಗುರುತಿಸಲಾರದೆ ಹೋಗಿತ್ತು. ತಪ್ಪು ಯಂತ್ರವನ್ನು ಅಣಿಗೊಳಿಸಿದವರದು. ಅದನ್ನು ಹೊತ್ತುಕೊಂಡು ಹೋದವನು ಹುಡುಗ.

ಗ್ರಂಥಸೂಚಿಯ ಉದ್ದೇಶ ಹೊಸದಲ್ಲ. ಅಮೆರಿಕದ ಗ್ರಂಥಪಾಲಕ ಚಾರ್ಲ್ಸ್ ಕಟ್ಟರ್ ಎಂಬುವರು 1876ರಷ್ಟು ಹಿಂದೆಯೇ ಅದನ್ನು ಸ್ಪಷ್ಟವಾಗಿ ಹೇಳಿದ್ದರು. ಲೇಖಕನ ಹೆಸರು, ಪುಸ್ತಕದ ಹೆಸರು, ವಿಷಯ ಇವುಗಳಲ್ಲಿ ಯಾವುದೊಂದು ತಿಳಿದಿದ್ದರೂ ಓದುಗನು ಪುಸ್ತಕವನ್ನು ಪಡೆಯುವಂತಿರಬೇಕು ಎಂಬುದು ಅವರ ಆಶಯ. ಹಿಂದಿನ ಕಾರ್ಡುಗಳ ಪೆಟ್ಟಿಗೆಗಳಲ್ಲಿ ‘ಪುಟ್ಟಪ್ಪ, ಕೆ. ವಿ.’ ಎಂಬಲ್ಲಿ ಹುಡುಕುವವನಿಗೆ ‘ಕುವೆಂಪು ನೋಡಿ’ ಎಂದು ದಾರಿ ತೋರುವ ಕಾರ್ಡನ್ನು ಇಡುವ ಪದ್ಧತಿ ಇದ್ದಿತು. ಕ್ಷಣಮಾತ್ರದಲ್ಲಿ ಲಕ್ಷ ಪುಸ್ತಕಗಳನ್ನು ಶೋಧಿಸಬಲ್ಲ ಯಂತ್ರವು ಆ ಬಡ ಕಾರ್ಡಿನಷ್ಟು ಸೌಜನ್ಯವನ್ನಾದರೂ ತೋರಬೇಡವೇ?

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ‘ಪುಸ್ತಕಗಳಿರುವುದು ಬಳಕೆಗಾಗಿ’ ಎಂಬುದು ಮೊದಲನೆಯ ಸೂತ್ರವಾದರೆ, ‘ಓದುಗನ ವೇಳೆಯನ್ನು ಉಳಿಸು’ ಎಂಬುದು ನಾಲ್ಕನೆಯದು. ಎದ್ದುಹೋದ ಆ ಹುಡುಗನ ಪಾಲಿಗೆ ಎರಡೂ ಸೂತ್ರಗಳು ಮುರಿದಿದ್ದವು. ಹುಡುಕಿದರೂ ಸಿಗದ ಪುಸ್ತಕವು ಇದ್ದೂ ಇಲ್ಲದಂತೆಯೇ ಸರಿ.

ಇದಕ್ಕೆ ಪರಿಹಾರ ಸರಳವಾಗಿದೆ. ಹುಡುಕುವ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಕೆಲವು ಓದುಗರನ್ನು ಕರೆದು ಅದರ ಮುಂದೆ ಕುಳ್ಳಿರಿಸಬೇಕು. ‘ಈ ಪುಸ್ತಕ ಎಲ್ಲಿದೆ, ಕಂಡುಹಿಡಿಯಿರಿ’ ಎಂದು ಕೆಲಸವನ್ನು ಕೊಡಬೇಕೇ ಹೊರತು ದಾರಿಯನ್ನು ಹೇಳಿಕೊಡಬಾರದು. ಮನಸ್ಸಿನಲ್ಲಿ ಏಳುವ ಆಲೋಚನೆಗಳನ್ನು ಗಟ್ಟಿಯಾಗಿ ಹೇಳುವಂತೆ ಅವರನ್ನು ಕೋರಬೇಕು. ಪಕ್ಕದಲ್ಲಿ ಕುಳಿತವರು ಮೌನವಾಗಿದ್ದು, ಓದುಗನು ಎಲ್ಲಿ ತಡೆದನು, ಯಾವ ಪದವನ್ನು ಬರೆದನು, ಎಲ್ಲಿ ಬೇಸತ್ತು ಕೈಬಿಟ್ಟನು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಬಾಯಿ ಹಾಕದೆ ನೋಡುವುದೇ ಈ ಕಾರ್ಯದಲ್ಲಿ ಅತ್ಯಂತ ಕಠಿಣವಾದ ಭಾಗ. ಇದು ಓದುಗನಿಗೆ ಒಡ್ಡಿದ ಪರೀಕ್ಷೆಯಲ್ಲ, ಯಂತ್ರಕ್ಕೆ ಒಡ್ಡಿದ ಪರೀಕ್ಷೆ ಎಂಬುದನ್ನು ಇಬ್ಬರೂ ಮರೆಯಬಾರದು.

ಇದಕ್ಕೆಲ್ಲ ಹಣವೆಲ್ಲಿ, ಸಮಯವೆಲ್ಲಿ ಎಂದು ಕೆಲವರು ಕೇಳಬಹುದು. ಈ ಕ್ಷೇತ್ರದ ತಜ್ಞರಾದ ಯಾಕೋಬ್ ನೀಲ್ಸನ್ ಎಂಬುವರು, ಕೇವಲ ಐದು ಮಂದಿಯನ್ನು ಗಮನಿಸಿದರೂ ಬಹುಪಾಲು ತೊಡಕುಗಳು ಬೆಳಕಿಗೆ ಬರುತ್ತವೆ ಎಂದು 2000ದಲ್ಲಿ ಬರೆದರು. ಒಮ್ಮೆಗೇ ಹದಿನೈದು ಮಂದಿಯನ್ನು ಕರೆಯುವುದಕ್ಕಿಂತ ಐದೈದು ಮಂದಿಯಂತೆ ಮೂರು ಸಲ ಕರೆದು ನಡುನಡುವೆ ತಿದ್ದುತ್ತ ಹೋಗುವುದು ಲೇಸೆಂಬುದು ಅವರ ವಾದ. ಆದರೆ ಕರೆದವರೆಲ್ಲರೂ ಒಂದೇ ಬಗೆಯವರಾಗಿರಬಾರದೆಂದು ನಾನು ಸೇರಿಸಬಯಸುತ್ತೇನೆ. ಕನ್ನಡವೊಂದನ್ನೇ ಬಲ್ಲವರು, ಕೀಲಿಮಣೆಯನ್ನು ಎಂದೂ ಮುಟ್ಟದ ಹಿರಿಯರು, ಪರದೆಯ ಬರಹವನ್ನು ಧ್ವನಿಯ ಮೂಲಕ ಕೇಳಿ ತಿಳಿಯುವ ಅಂಧರು, ಶಾಲೆಯ ಮಕ್ಕಳು ಇವರೆಲ್ಲರೂ ಅಲ್ಲಿರಬೇಕು. ಗ್ರಂಥಾಲಯವು ಎಲ್ಲರದೆಂದ ಮೇಲೆ ಅದರ ಬಾಗಿಲೂ ಎಲ್ಲರಿಗೂ ತೆರೆಯಬೇಕಲ್ಲವೇ?

‘ಯಂತ್ರವನ್ನು ತಿದ್ದುವ ಬದಲು ಓದುಗರಿಗೇ ತರಬೇತಿ ನೀಡಿದರಾಗದೇ?’ ಎಂಬುದು ಇನ್ನೊಂದು ಆಕ್ಷೇಪಣೆ. ಹುಡುಕುವ ಕಲೆಯನ್ನು ಕಲಿಯುವುದು ಒಳ್ಳೆಯದೇ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತರಬೇತಿಗೆ ಬರುವವರು ಕೆಲವರು. ಪುಸ್ತಕ ಬೇಕಾದವರು ಅನೇಕರು. ಹೊಸ್ತಿಲು ಎತ್ತರವಾಗಿ ಎಲ್ಲರೂ ಎಡವುತ್ತಿದ್ದರೆ, ಎಡವದಂತೆ ನಡೆಯುವುದನ್ನು ಊರಿಗೆಲ್ಲ ಕಲಿಸುವುದಕ್ಕಿಂತ ಹೊಸ್ತಿಲನ್ನು ತಗ್ಗಿಸುವುದೇ ವಿವೇಕ.

ವಿದ್ಯಾರ್ಥಿಗಳೇ, ನೀವೂ ಮುಂದೆ ಇಂತಹ ಯಂತ್ರಗಳ ಮುಂದೆ ಕುಳಿತುಕೊಳ್ಳುವಿರಿ. ಬೇಕಾದ ಪುಸ್ತಕ ದೊರೆಯದಿದ್ದಾಗ ನಿಮ್ಮನ್ನು ನೀವೇ ಹಳಿದುಕೊಂಡು ಎದ್ದುಹೋಗಬೇಡಿರಿ. ಏನನ್ನು ಬರೆದಿರಿ, ಯಾವ ಉತ್ತರ ಬಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಗುರುತು ಮಾಡಿ ಗ್ರಂಥಪಾಲಕರಿಗೆ ವಿನಯದಿಂದ ತಿಳಿಸಿರಿ. ನಿಮ್ಮ ಚೀಟಿಯೊಂದು ನಿಮ್ಮ ಹಿಂದೆ ಬರುವ ನೂರು ಮಂದಿಗೆ ದಾರಿಯಾಗಬಹುದು. ಮುಂದೊಂದು ದಿನ ಇಂತಹ ಯಂತ್ರಗಳನ್ನು ರೂಪಿಸುವ ಹೊಣೆ ನಿಮ್ಮದೇ ಆದರೆ, ಎದ್ದುಹೋದ ಆ ಹುಡುಗನನ್ನು ಒಮ್ಮೆ ನೆನೆದುಕೊಳ್ಳಿರಿ.