ಒಂದು ಅಕ್ಷರ, ಐದು ಉಚ್ಚಾರ

ಭದ್ರಾವತಿ ರೈಲು ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲೂ ಇದೆ. ಕನ್ನಡ ಬಾರದವರು ಅದನ್ನು ಓದಹೊರಟರೆ ತಡವರಿಸುತ್ತಾರೆ. 'ಭ', 'ದ್ರಾ', 'ವ' ಮೂರಕ್ಕೂ ಅಲ್ಲಿರುವುದು ಒಂದೇ 'ಎ' ಅಕ್ಷರ. ಯಾವುದು ಹ್ರಸ್ವ, ಯಾವುದು ದೀರ್ಘ? ಫಲಕ ಹೇಳುವುದಿಲ್ಲ. ಶಿವಮೊಗ್ಗವಂತೂ 2014ರ ನವೆಂಬರ್ 1ರವರೆಗೆ ಇಂಗ್ಲಿಷ್ ಬರಹದಲ್ಲಿ 'ಶಿಮೊಗ'ವೇ ಆಗಿತ್ತು.

ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಓದುವಾಗ ಪಡುವ ಪಾಡೂ ಇದೇ. ಕ್ಯಾಟ್, ಕೇಕ್, ಕಾರ್, ಬಾಲ್, ಅಬೌಟ್ ಈ ಐದರಲ್ಲೂ ಅದೇ 'ಎ' ಐದು ಬಗೆಯಾಗಿ ನುಡಿಯುತ್ತದೆ. ಬ್ರಿಟಿಷ್ ಶಿಷ್ಟ ಉಚ್ಚಾರದಲ್ಲಿ ಸ್ವರಗಳು ಸುಮಾರು 20. ಸ್ವರಾಕ್ಷರಗಳು 5 ಮಾತ್ರ. ತಪ್ಪು ಮಗುವಿನ ದಡ್ಡತನದ್ದಲ್ಲ, ಕಾಗುಣಿತದ್ದು. ದೊಡ್ಡವರು ನಕ್ಕರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಬಾಯಿ ತೆರೆಯದೆ ಸ್ವರ ಕಲಿಯುವುದುಂಟೇ?

ಕನ್ನಡದಿಂದ ಅನುಕೂಲವೂ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗಳ ಊರಾದ ಭದ್ರಾವತಿಗೆ 'ಸ್ಟೀಲ್', 'ಮಿಲ್' ಮನೆಮಾತು. ಸ್ಟೀಲ್-ಸ್ಟಿಲ್, ಮೀಲ್-ಮಿಲ್ ವ್ಯತ್ಯಾಸ ಇ, ಈ ಬಲ್ಲವರಿಗೆ ಕಷ್ಟವಲ್ಲ.

ತೊಡಕು ಬೇರೆಡೆ ಇದೆ. ಮಾತಿನಲ್ಲಿ 'ಎಮ್ಮೆ' 'ಯೆಮ್ಮೆ'ಯಾಗುವಂತೆ 'ಎಗ್' 'ಯೆಗ್' ಆಗುತ್ತದೆ. 'ಓಪನ್' 'ವೋಪನ್' ಆಗುತ್ತದೆ. 'ಬ್ಯಾಡ್' ಎಂದು ಬರೆದರೂ ಅಲ್ಲಿ ಯಕಾರವಿಲ್ಲ. 'ಎ' ಎನ್ನುತ್ತಾ, ನಾಲಗೆಯನ್ನು ಮುಂದೆಯೇ ಇಟ್ಟು, ಕೆಳದವಡೆ ಇಳಿಸಿದರೆ ಆ ಸ್ವರ ಸಿಗುತ್ತದೆ. ಸಭೆ ಸೇರುವ 'ಹಾಲ್' ಕುಡಿಯುವ ಹಾಲಲ್ಲ. ಅದಕ್ಕೆ ತುಟಿ ದುಂಡಗಾಗಬೇಕು. 'ಬನಾನ'ದಲ್ಲಿ ಒತ್ತು ನಡುವಿನದಕ್ಕೆ ಮಾತ್ರ. ಅಕ್ಕಪಕ್ಕದ ಸ್ವರಗಳು ತೇಲಿಹೋಗುತ್ತವೆ. ಕನ್ನಡದಂತೆ ಎಲ್ಲ ಅಕ್ಷರಕ್ಕೂ ಸಮತೂಕ ಕೊಟ್ಟರೆ ಕೇಳುವವರಿಗೆ ಗೊಂದಲ.

ಇಂಗ್ಲಿಷ್ ಬಾರದ ತಾಯಿತಂದೆಯರೂ ಇದನ್ನು ಕಲಿಸಬಹುದು. ಮುಂದೆ ಒಂದು ಪೆನ್, ಒಂದು ಬಾಣಲೆ ಇಡಿ. ನಿಘಂಟಿನ ಉಚ್ಚಾರ ಚಿಹ್ನೆ ನೋಡಿ, ಮೊಬೈಲಿನಲ್ಲಿ ಧ್ವನಿ ಕೇಳಿ ಮಗು 'ಪೆನ್' ಅಥವಾ 'ಪ್ಯಾನ್' ಎನ್ನಲಿ. ನೀವು ಕೇಳಿಸಿದ್ದನ್ನು ಎತ್ತಿಕೊಡಿ. ಬೇಕಾದದ್ದೇ ಕೈಗೆ ಬಂದರೆ ಪಾಠ ಬಂದಂತೆ; ಬಾರದಿದ್ದರೆ ಇನ್ನೊಮ್ಮೆ. ದಿನಕ್ಕೆ ಹತ್ತು ನಿಮಿಷ ಸಾಕು. ಇದಕ್ಕೆ ಶುಲ್ಕವಿಲ್ಲ, ನಗುವುದಾದರೆ ಇಬ್ಬರೂ ಒಟ್ಟಿಗೆ ನಗಬಹುದು.