ಹಿಂದೆ ಕುಳಿತವರನ್ನು ಕೇಳಿರಿ

ಮೂರು ತಿಂಗಳಿಂದ ನನ್ನ ಶ್ರೀಮತಿ ಶುಕ್ರವಾರದ ಸಂತೆಗೆ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದಳು. "ಮನೆಯಲ್ಲಿ ಮೋಟಾರ್ ಸೈಕಲ್ಲು ಇರುವಾಗ ಬಸ್ಸೇಕೆ?" ಎಂದು ಕೇಳಿದರೆ, "ನಿಮಗೇಕೆ ತೊಂದರೆ, ಬಿಡಿ" ಎಂದು ಮಾತು ತೇಲಿಸುತ್ತಿದ್ದಳು. ಕೊನೆಗೊಂದು ದಿನ ನಿಜ ಹೊರಬಿತ್ತು: "ನಿಮ್ಮ ಗಾಡಿಯ ಹಿಂದೆ ಕುಳಿತು ಬಂದರೆ ಎರಡು ದಿನ ನಡು ನೆಟ್ಟಗಾಗುವುದಿಲ್ಲರೀ." ಹನ್ನೊಂದು ವರ್ಷಗಳಿಂದ ಅದೇ ವಾಹನವನ್ನು ನಡೆಸುತ್ತಿದ್ದ ನನಗೆ ಅದರಲ್ಲಿ ಯಾವ ದೋಷವೂ ಕಂಡಿರಲಿಲ್ಲ.

ಕಾಣದಿರುವುದೇ ಈ ರೋಗದ ಲಕ್ಷಣ. ಹಿಂದಿನ ಷಾಕ್ ಅಬ್ಸಾರ್ಬರು ಒಂದೇ ದಿನದಲ್ಲಿ ಕೆಡುವುದು ಅಪರೂಪ. ಅದು ದಿನಕ್ಕಿಷ್ಟು ಸವೆಯುತ್ತದೆ. ಸವಾರನೂ ದಿನಕ್ಕಿಷ್ಟು ಹೊಂದಿಕೊಳ್ಳುತ್ತಾನೆ. ಪೆಟ್ಟು ಬೀಳುವುದು ಹಿಂದೆ ಕುಳಿತವರಿಗೆ.

ಈ ಸಾಧನದಲ್ಲಿ ಎರಡು ಮುಖ್ಯ ಅಂಗಗಳುಂಟು. ಹೊರಗಿನ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಒಳಗಿನ ಕೊಳವೆಯಲ್ಲಿ ಎಣ್ಣೆಯಿದ್ದು, ಪಿಸ್ಟನ್ನು ಚಲಿಸಿದಾಗಲೆಲ್ಲ ಆ ಎಣ್ಣೆ ಕಿರಿದಾದ ರಂಧ್ರಗಳಲ್ಲಿ ನುಸುಳಬೇಕಾಗುತ್ತದೆ. ಈ ತಡೆಯಿಂದಾಗಿ ಕುಲುಕಾಟದ ಶಕ್ತಿಯು ಶಾಖವಾಗಿ ಮಾರ್ಪಟ್ಟು ಅಡಗುತ್ತದೆ. ಸೀಲು ಸವೆದು ಎಣ್ಣೆ ಸೋರಿತೆಂದರೆ, ಸ್ಪ್ರಿಂಗು ಅಂಕೆಯಿಲ್ಲದೆ ಕುಣಿಯುತ್ತದೆ. "ಸ್ಪ್ರಿಂಗು ಮುರಿದಿಲ್ಲವಲ್ಲ!" ಎಂದು ಸುಮ್ಮನಿರುವುದು ತಪ್ಪು. ಚಕ್ರವು ನೆಲ ಬಿಟ್ಟು ನೆಗೆದಷ್ಟು ಹೊತ್ತು ಟಯರಿಗೆ ಹಿಡಿತವಿಲ್ಲ, ಬ್ರೇಕಿಗೆ ಬಲವಿಲ್ಲ. ಮಳೆಗಾಲದ ತಿರುವಿನಲ್ಲಿ ಇದು ನಡುನೋವಿಗಿಂತ ದೊಡ್ಡ ವಿಷಯ.

ಪರೀಕ್ಷೆ ಸುಲಭವಾದುದು. ಟಯರಿನ ಗಾಳಿ ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿರಿ. ಬಳಿಕ ವಾಹನವನ್ನು ಸ್ಟ್ಯಾಂಡಿನಿಂದ ಇಳಿಸಿ, ನೆಟ್ಟಗೆ ಹಿಡಿದು, ಸೀಟಿನ ಹಿಂಭಾಗವನ್ನು ಬಲವಾಗಿ ಅದುಮಿ ಬಿಡಿರಿ. ಒಮ್ಮೆ ಮೇಲೆದ್ದು ನಿಂತರೆ ಆರೋಗ್ಯ. ಎರಡು ಮೂರು ಸಲ ಕುಪ್ಪಳಿಸಿದರೆ ರೋಗ. ಒಳದಂಡದ ಸುತ್ತ ಎಣ್ಣೆಯೊಡನೆ ಧೂಳು ಮೆತ್ತಿಕೊಂಡಿದ್ದರೆ ಸೀಲು ಹೋಗಿದೆಯೆಂದು ತಿಳಿಯಬಹುದು. ಆದರೆ ಹಿಂದಿನ ಚಕ್ರವನ್ನು ಎಡಬಲಕ್ಕೆ ಅಲುಗಿಸಿದಾಗ ಸಡಿಲ ಕಂಡುಬಂದರೆ, ಸ್ವಿಂಗ್ ಆರ್ಮಿನ ಬುಷ್ಷನ್ನೂ ಚಕ್ರದ ಬೇರಿಂಗನ್ನೂ ಪರೀಕ್ಷಿಸತಕ್ಕದ್ದು.

ನಾನು ಮೊದಲು ಸ್ಪ್ರಿಂಗಿನ ಬುಡದ ಬಳೆಯನ್ನು ತಿರುಗಿಸಿ ಬಿಗಿ ಮಾಡಿದೆ. ಅದರಿಂದ ಹಿಂಭಾಗ ತುಸು ಎತ್ತರವಾಯಿತೇ ಹೊರತು ಕುಪ್ಪಳಿಸುವುದು ನಿಲ್ಲಲಿಲ್ಲ. ಸೋರಿದ ಎಣ್ಣೆ ಬಳೆ ತಿರುಗಿಸಿದರೆ ಮರಳೀತೇ? ಬಳಿಕ ಸೋರುತ್ತಿದ್ದ ಒಂದನ್ನು ಮಾತ್ರ ಬದಲಾಯಿಸೋಣವೆಂದೆ. ನಮ್ಮ ಬೀದಿಯ ವೃದ್ಧ ಮೆಕ್ಯಾನಿಕ್ಕು ನಕ್ಕುಬಿಟ್ಟರು: "ಸ್ವಾಮೀ, ಜೋಡೆತ್ತಿನಲ್ಲಿ ಒಂದು ಮುದಿಯಾಗಿ ಒಂದು ಹೋರಿಯಾದರೆ ಗಾಡಿ ನೆಟ್ಟಗೆ ಹೋದೀತೇ?"

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಲ್ಲಿರುವಂತೆ ಎಡಬಲಗಳಲ್ಲಿ ಒಂದೊಂದು ಇರುವ ವಾಹನಗಳಲ್ಲಿ ಈ ಕೆಲಸ ಕಷ್ಟವಲ್ಲ. ನಡುವಣ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿರಿ. ಒಂದು ಪಕ್ಕದ್ದನ್ನು ಕಳಚಿ, ಹೊಸದನ್ನು ಕೂಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕತಕ್ಕದ್ದು. ಉಳಿದ ಒಂದು ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿರುತ್ತದೆ. ವಾಷರುಗಳನ್ನು ಕಳಚಿದ ಕ್ರಮದಲ್ಲಿಯೇ ಸಾಲಾಗಿಡಿರಿ. ಹೊಸದರ ಉದ್ದ ವಾಹನಕ್ಕೆ ಗೊತ್ತುಪಡಿಸಿದಷ್ಟೇ ಇರಬೇಕು. ನಟ್ಟುಗಳ ಬಿಗಿ ಕೈಪಿಡಿಯಲ್ಲಿ ಹೇಳಿದಷ್ಟಿರಲಿ. ಎರಡೂ ಬಳೆಗಳು ಒಂದೇ ಮೆಟ್ಟಿಲಿನಲ್ಲಿರಲಿ. ಕೊನೆಗೆ ಸರಪಳಿಯ ಸಡಿಲವನ್ನು ಮತ್ತೊಮ್ಮೆ ಅಳೆಯಿರಿ.

ಒಂದು ಎಚ್ಚರಿಕೆ: ಹಳೆಯದನ್ನು ಕುತೂಹಲಕ್ಕೆಂದು ಬಿಚ್ಚಬೇಡಿರಿ. ಅದುಮಿಟ್ಟ ಸ್ಪ್ರಿಂಗು ಸಿಡಿದರೆ ಕಣ್ಣಿಗೆ ಅಪಾಯ. ಅನಿಲ ತುಂಬಿದ ಬಗೆಯದಾದರೆ ಒಳಗೆ ಭಾರಿ ಒತ್ತಡವಿರುತ್ತದೆ. ಅದನ್ನು ಕೊರೆಯಲೂ ಬೆಂಕಿಗೆ ಹಾಕಲೂ ಕೂಡದು.

ಕಳೆದ ಶುಕ್ರವಾರ ಸಂಚಿ ಹಿಡಿದು ನನ್ನಾಕೆ ತಾನಾಗಿಯೇ ಬಾಗಿಲ ಬಳಿ ಬಂದು ನಿಂತಳು. ಸಂತೆಯಿಂದ ಮರಳಿ ಇಳಿದಾಗ, "ರಸ್ತೆ ರಿಪೇರಿಯಾಗಿದೆಯೇನು?" ಎಂದಳು. ರಸ್ತೆ ಇದ್ದ ಹಾಗೆಯೇ ಇತ್ತು. ಮೂರು ತಿಂಗಳ ಹಿಂದೆಯೇ ಆಕೆಯನ್ನು ಸರಿಯಾಗಿ ಕೇಳಬೇಕಾಗಿತ್ತು ಎಂದುಕೊಂಡೆ.