ತೆರೆಯ ಹಿಂದಿನ ಹೆಸರು

ಕೆಲವು ವರ್ಷಗಳ ಹಿಂದಿನ ಮಾತು. ರಾಮನವಮಿಯ ಉತ್ಸವದ ಅಂಗವಾಗಿ ಬೆಂಗಳೂರಿನ ರಾಜಾಜಿನಗರದ ಒಂದು ಬಯಲಿನಲ್ಲಿ ತೊಗಲುಗೊಂಬೆಯಾಟ ಏರ್ಪಾಡಾಗಿತ್ತು. ಬಿಳಿಯ ತೆರೆ, ಅದರ ಹಿಂದೆ ದೀಪ, ಆ ಬೆಳಕಿನಲ್ಲಿ ಬಣ್ಣಬಣ್ಣದ ಹನುಮಂತ. ಅವನು ಸಮುದ್ರವನ್ನು ಹಾರಿದಾಗ ಮಕ್ಕಳು ಕೇಕೆ ಹಾಕಿದರು. ಲಂಕೆಗೆ ಬೆಂಕಿಯಿಟ್ಟಾಗ ಮುದುಕರೂ ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಸಂಘಟಕರು ಅಧ್ಯಕ್ಷರನ್ನು, ದಾನಿಗಳನ್ನು, ಚಪ್ಪರ ಹಾಕಿದವರನ್ನು, ಧ್ವನಿವರ್ಧಕ ಒದಗಿಸಿದವರನ್ನು ಹೆಸರು ಹಿಡಿದು ವಂದಿಸಿದರು. ನನ್ನ ಪಕ್ಕದಲ್ಲಿದ್ದ ಬಾಲಕಿಯೊಬ್ಬಳು, “ತಾತಾ, ಹನುಮಂತನನ್ನು ಆಡಿಸಿದವರು ಯಾರು?” ಎಂದು ಕೇಳಿದಳು. ತಾತ ಆಮಂತ್ರಣ ಪತ್ರಿಕೆಯನ್ನು ತಿರುವಿ ನೋಡಿದರು. ಅದರಲ್ಲಿ ‘ತೊಗಲುಗೊಂಬೆಯಾಟ’ ಎಂದಷ್ಟೇ ಇತ್ತು. “ಯಾರೋ ಗೊಂಬೆಯವರಮ್ಮ” ಎಂದರು. ಕೇಳಿ ತಿಳಿಯೋಣವೆಂದು ನಾನು ತೆರೆಯ ಹಿಂದೆ ಹೋಗುವ ವೇಳೆಗೆ ಅವರು ಗೊಂಬೆಗಳ ಪೆಟ್ಟಿಗೆಯೊಡನೆ ಹೊರಟುಹೋಗಿದ್ದರು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಂದಿಗೂ ನನ್ನಲ್ಲಿಲ್ಲ.

ಗೊಂಬೆಯಾಡಿಸುವವನು ಮರೆಯಲ್ಲಿರುವುದು ಕಲೆಯ ನಿಯಮ. ಅವನು ತೆರೆಯ ಮುಂದೆ ಬಂದು ನಿಂತರೆ ಹನುಮಂತನು ಬರಿಯ ತೊಗಲಾಗುತ್ತಾನೆ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆಟ ನಡೆಯುವಾಗ ಮರೆಯಾಗಿರುವುದು ಬೇರೆ, ಆಟ ಮುಗಿದ ಮೇಲೂ ಮರೆಯಾಗಿಯೇ ಉಳಿಯುವುದು ಬೇರೆ. ಮೊದಲನೆಯದು ಕಲಾವಿದನು ತಾನಾಗಿ ಕೈಗೊಂಡ ವ್ರತ. ಎರಡನೆಯದು ನಾವು ಅವನಿಗೆ ಮಾಡುವ ಅನ್ಯಾಯ.

ಈ ಅನ್ಯಾಯ ಎಷ್ಟು ಹಳೆಯದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ತೊಗಲುಗೊಂಬೆಯಾಟದಲ್ಲಿ ಜನರನ್ನು ನಗಿಸುವ ಒಂದು ಪಾತ್ರವುಂಟು. ಅವನೇ ಕಿಳ್ಳೇಕ್ಯಾತ. ಅವನ ಜೊತೆಗಾತಿ ಬಂಗಾರಕ್ಕ. ಈ ಇಬ್ಬರೂ ತೆರೆಯ ಮೇಲೆ ಕಾಣಿಸಿಕೊಂಡರೆ ನಗದವರಿಲ್ಲ. ಆ ಗೊಂಬೆ ಜನರಿಗೆ ಎಷ್ಟು ಪ್ರಿಯವಾಯಿತೆಂದರೆ, ಅದನ್ನು ಆಡಿಸುವ ಸಮುದಾಯವನ್ನೇ ಜನರು ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಕರೆಯತೊಡಗಿದರು. ಮನುಷ್ಯನು ಗೊಂಬೆಗೆ ಹೆಸರಿಡುವುದು ಲೋಕರೂಢಿ; ಇಲ್ಲಿ ಗೊಂಬೆಯ ಹೆಸರೇ ಮನುಷ್ಯರಿಗೆ ಬಂದಿತು! ಪಾತ್ರ ಊರೂರಿಗೆ ಪರಿಚಿತವಾಯಿತು. ಅದಕ್ಕೆ ಜೀವ ತುಂಬಿದ ತಾತ, ಅಜ್ಜಿ, ಮಗ, ಸೊಸೆಯರು ಎಲೆಯ ಮರೆಯ ಕಾಯಿಗಳಾಗಿಯೇ ಉಳಿದರು.

ಅವರ ಶ್ರಮ ಅಲ್ಪವಾದುದಲ್ಲ. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಹದಮಾಡಬೇಕು, ರೂಪವನ್ನು ಬರೆದು ಕತ್ತರಿಸಬೇಕು, ಒಡವೆ ವಸ್ತ್ರಗಳ ವಿವರ ಮೂಡುವಂತೆ ಸಣ್ಣ ರಂಧ್ರಗಳನ್ನು ಕೊರೆಯಬೇಕು, ಬಣ್ಣ ಹಾಕಬೇಕು. ಅನಂತರ ಕಥೆ ಹೇಳಬೇಕು, ಹಾಡಬೇಕು, ಒಬ್ಬನೇ ರಾಮನಾಗಿಯೂ ರಾವಣನಾಗಿಯೂ ಮಾತನಾಡಬೇಕು. ಸೂತ್ರದ ಗೊಂಬೆಯಾಟದ ಹಲವು ಮೇಳಗಳಲ್ಲಿ ಗೊಂಬೆಯಾಡಿಸುವವನು ತನ್ನ ಕಾಲಿಗೇ ಗೆಜ್ಜೆ ಕಟ್ಟಿಕೊಂಡು ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಗೊಂಬೆ ಕುಣಿಯಿತೆಂದು ನಾವು ಹಿಗ್ಗುತ್ತೇವೆ. ನಮ್ಮ ಕಿವಿಗೆ ಬಿದ್ದ ಗೆಜ್ಜೆಯ ದನಿ ಮಾತ್ರ ಮರೆಯಲ್ಲಿರುವ ಮನುಷ್ಯನ ಕಾಲಿನದು.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕದಲ್ಲಿ ಜಿಮ್ ಹೆನ್ಸನ್ ಎಂಬ ಕಲಾವಿದರು 1955ರಲ್ಲಿ ಕರ್ಮಿಟ್ ಎಂಬ ಕಪ್ಪೆಯ ಗೊಂಬೆಯನ್ನು ಸೃಷ್ಟಿಸಿದರು. ದೂರದರ್ಶನದ ಮೂಲಕ ಅದು ಜಗತ್ತಿನ ಮಕ್ಕಳಿಗೆಲ್ಲ ಮಿತ್ರನಾಯಿತು. 1990ರಲ್ಲಿ ಹೆನ್ಸನ್ ತೀರಿಕೊಂಡ ಮೇಲೆ ಸ್ಟೀವ್ ವಿಟ್ಮೈರ್ ಎಂಬವರು ಅದನ್ನು ಆಡಿಸಿದರು. 2004ರಲ್ಲಿ ಆ ಗೊಂಬೆಗಳ ಒಡೆತನ ಡಿಸ್ನಿ ಸಂಸ್ಥೆಗೆ ಸೇರಿತು. 2017ರಿಂದ ಮ್ಯಾಟ್ ವೋಗಲ್ ಎಂಬವರು ಕರ್ಮಿಟ್‌ನನ್ನು ಆಡಿಸುತ್ತ ಬಂದಿದ್ದಾರೆ. ಕೈಗಳು ಎರಡು ಬಾರಿ ಬದಲಾದರೂ ಕಪ್ಪೆ ಒಂದೇ. ಅದು ಸಭೆಗಳಿಗೆ ಬಂದಾಗ ‘ಕರ್ಮಿಟ್ ಬಂದಿದ್ದಾನೆ’ ಎಂದೇ ಪ್ರಚಾರವಾಗುತ್ತದೆ; ಮೇಜಿನ ಕೆಳಗೆ ಕುಳಿತು ಕೈಯೆತ್ತಿ ಹಿಡಿದಿರುವವರು ಬಂದಿದ್ದಾರೆಂದು ಯಾರೂ ಸಾರುವುದಿಲ್ಲ.

ಹೀಗೆ ಮಾಡುವವರು ಒಂದು ಕಾರಣವನ್ನು ಮುಂದಿಡುತ್ತಾರೆ. ಆಡಿಸುವವರ ಹೆಸರು ಹೇಳಿದರೆ ಮಕ್ಕಳ ಕನಸು ಒಡೆಯುತ್ತದೆ, ಗೊಂಬೆ ಜೀವಂತವೆಂಬ ನಂಬಿಕೆ ಹೋಗುತ್ತದೆ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲವೆನ್ನಲಾಗದು. ಕಥೆ ನಡೆಯುತ್ತಿರುವಾಗ ನಡುವೆ ಬಾಯಿಹಾಕಿ ‘ಇದು ಬರಿಯ ಬಟ್ಟೆ’ ಎನ್ನುವವನು ಅರಸಿಕನೇ ಸರಿ. ಆದರೆ ಹೆಸರು ತಿಳಿದೊಡನೆ ಪ್ರೀತಿ ಕುಂದುವುದೆಂಬ ಮಾತು ಅನುಭವಕ್ಕೆ ವಿರುದ್ಧವಾದುದು. ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಎಂಟು ಅಡಿಗೂ ಮೀರಿದ ಎತ್ತರದ ಹಳದಿ ಹಕ್ಕಿಯೊಂದಿದೆ. ಅದರ ಹೆಸರು ಬಿಗ್ ಬರ್ಡ್. 1969ರಿಂದ 2018ರವರೆಗೆ ಕ್ಯಾರಲ್ ಸ್ಪಿನ್ನಿ ಎಂಬವರು ಅದರೊಳಗೆ ನಿಂತು, ಒಂದು ಕೈಯನ್ನು ತಲೆಯ ಮೇಲೆ ನೀಳವಾಗಿ ಎತ್ತಿ ಹಕ್ಕಿಯ ತಲೆಯನ್ನು ಆಡಿಸಿದರು. ಅವರ ಹೆಸರು ಲೋಕಕ್ಕೆಲ್ಲ ತಿಳಿಯಿತು. ಅದರಿಂದ ಹಕ್ಕಿಯ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಸ್ಪಿನ್ನಿಯವರ ಮೇಲಿನ ಗೌರವ ಅದಕ್ಕೆ ಜೊತೆಯಾಯಿತು.

ಜಪಾನ್ ದೇಶದ ಬುನ್ರಾಕು ಗೊಂಬೆಯಾಟ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮುಖ್ಯ ಪಾತ್ರದ ಒಂದು ಗೊಂಬೆಯನ್ನು ಮೂವರು ಆಡಿಸುತ್ತಾರೆ. ತಲೆ ಮತ್ತು ಬಲಗೈಯನ್ನು ಆಡಿಸುವ ಹಿರಿಯನು ಎಷ್ಟೋ ವೇಳೆ ಮುಖ ಮುಚ್ಚಿಕೊಳ್ಳದೆ ಸಭೆಯ ಎದುರಿನಲ್ಲೇ ನಿಲ್ಲುತ್ತಾನೆ. ಕಥೆ ಹಾಡುವವನ ಮತ್ತು ವಾದ್ಯ ನುಡಿಸುವವನ ಹೆಸರನ್ನು ರಂಗದ ಮೇಲೆಯೇ ಸಾರುತ್ತಾರೆ. ಆದರೂ ನೋಡುವವರ ಕಣ್ಣು ಗೊಂಬೆಯನ್ನು ಬಿಟ್ಟು ಕದಲುವುದಿಲ್ಲ. ಎಡಗೈಯನ್ನೂ ಕಾಲುಗಳನ್ನೂ ಆಡಿಸುವ ಇಬ್ಬರು ಕರಿಯ ಮುಸುಕಿನೊಳಗೇ ಇರುತ್ತಾರೆಂಬುದು ನಿಜ. ಆದರೆ ಹೆಸರಿನಿಂದ ಮಾಯೆ ಕೆಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ನಮ್ಮ ದೇಶದ ಕಾನೂನೂ ಕಲಾವಿದನ ಪಕ್ಷದಲ್ಲಿದೆ. 1957ರ ಹಕ್ಕುಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ತಂದ ತಿದ್ದುಪಡಿಯು ಪ್ರದರ್ಶಕರಿಗೆ ವಿಶೇಷ ಹಕ್ಕುಗಳನ್ನು ನೀಡಿತು. ನಟ, ಗಾಯಕ, ನರ್ತಕರೊಡನೆ ಜಾದೂಗಾರನನ್ನೂ ಹಾವಾಡಿಗನನ್ನೂ, ಪ್ರದರ್ಶನ ನೀಡುವ ಇತರ ಯಾರನ್ನೇ ಆಗಲಿ, ಅದು ಪ್ರದರ್ಶಕರೆಂದು ಗಣಿಸಿತು. 2012ರ ತಿದ್ದುಪಡಿ, ತನ್ನ ಪ್ರದರ್ಶನಕ್ಕೆ ತಾನೇ ಪ್ರದರ್ಶಕನೆಂದು ಗುರುತಿಸಲ್ಪಡುವ ಹಕ್ಕನ್ನೂ ಸಾಮಾನ್ಯವಾಗಿ ಅವನಿಗೆ ಕೊಟ್ಟಿತು. ಆದರೆ ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದು ಆಮಂತ್ರಣ ಪತ್ರಿಕೆಗೂ ಇಳಿದು ಬರಬೇಕು.

ಹೆಸರು ಬರಿಯ ಕೀರ್ತಿಯ ವಿಷಯವಲ್ಲ, ಅನ್ನದ ವಿಷಯವೂ ಹೌದು. ಹೆಸರು ಗೊತ್ತಿದ್ದರೆ ಮತ್ತೊಂದು ಊರಿನವರು ಕರೆಯುತ್ತಾರೆ. ಮಾಸಾಶನ ಪ್ರಶಸ್ತಿಗಳ ಪಟ್ಟಿಯಲ್ಲಿ ಅದು ಸೇರಬಹುದು. ಮೊಮ್ಮಗನು ‘ಈ ವಿದ್ಯೆ ನನ್ನ ತಾತನದು’ ಎಂದು ಹೆಮ್ಮೆಯಿಂದ ಕಲಿಯುತ್ತಾನೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಹೆಸರು ಬೆಳಕಿಗೆ ಬಂದುದರಿಂದ ಯಕ್ಷಗಾನ ಗೊಂಬೆಯಾಟಕ್ಕೆ ನಾಡಿನ ಹೊರಗೂ ಮನ್ನಣೆ ದೊರೆಯಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯವರ ಕಥೆಯನ್ನೂ ತೊಗಲುಗೊಂಬೆಗಳಲ್ಲಿ ತೋರಿಸಿದರೆಂದು ನಾವು ಬಲ್ಲೆವು. 2025ರಲ್ಲಿ ಭಾರತ ಸರ್ಕಾರವು ಕೊಪ್ಪಳ ಜಿಲ್ಲೆಯ ಮೊರನಾಳ ಗ್ರಾಮದ ವೃದ್ಧ ಕಲಾವಿದೆಯೊಬ್ಬರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು. ಅವರ ಹೆಸರು ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ತಲೆತಲಾಂತರದಿಂದ ಸಮುದಾಯದ ಹೆಸರು ಮಾತ್ರ ಕೇಳಿಬರುತ್ತಿದ್ದೆಡೆ ಈಗ ಅದರ ಮುಂದೆ ಒಬ್ಬ ತಾಯಿಯ ಸ್ವಂತ ಹೆಸರು ನಿಂತಿದೆ. ಇದು ಎಂತಹ ಬದಲಾವಣೆ!

ಹೆಸರಿನಿಂದ ಹಿರಿಯರನ್ನು ನೆನೆಯುವುದು ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಹೊಸತಲ್ಲ. ರಾಜಾಜಿನಗರ ರಾಜಗೋಪಾಲಾಚಾರಿಯವರನ್ನು ನೆನಪಿಗೆ ತರುತ್ತದೆ. ಬಸವೇಶ್ವರನಗರ ಬಸವಣ್ಣನವರನ್ನು ನೆನಪಿಗೆ ತರುತ್ತದೆ. ಬೀದಿಬೀದಿಗೆ ಹೆಸರಿಟ್ಟ ನಾವು, ನಮ್ಮ ಬೀದಿಗೆ ಬಂದು ಹಾಡಿ ಕುಣಿಸಿದವರ ಹೆಸರನ್ನು ಕೇಳದಿರುವುದು ಸರಿಯೆ?

ಮಾಡಬೇಕಾದುದು ಕಷ್ಟದ ಕೆಲಸವೇನೂ ಅಲ್ಲ. ಗೊಂಬೆಯಾಟದ ಆಮಂತ್ರಣದಲ್ಲಾಗಲಿ, ದೂರದರ್ಶನದ ಕಾರ್ಯಕ್ರಮದ ಕೊನೆಯಲ್ಲಾಗಲಿ, ವಸ್ತುಸಂಗ್ರಹಾಲಯದ ಫಲಕದಲ್ಲಾಗಲಿ ನಾಲ್ಕು ಸಾಲು ಸಾಕು: ಪಾತ್ರ ಯಾವುದು, ಗೊಂಬೆ ಮಾಡಿದವರು ಯಾರು, ಆಡಿಸಿದವರು ಯಾರು, ದನಿ ಮತ್ತು ವಾದ್ಯ ಯಾರದು. ಆ ಸಾಲುಗಳಲ್ಲಿ ಮೇಳದ ಯಜಮಾನನ ಹೆಸರಷ್ಟೇ ಅಲ್ಲ, ಅವನ ಪಕ್ಕದಲ್ಲಿ ಕುಳಿತು ಹಾಡಿದ ಹೆಂಗಸಿನ ಹೆಸರೂ ಇರಬೇಕು. ಮಂಗಳ ಹಾಡಿದ ಮೇಲೆ ಅವರೆಲ್ಲರನ್ನೂ ತೆರೆಯ ಮುಂದಕ್ಕೆ ಕರೆಯಬೇಕು.

ನಿಮ್ಮ ಶಾಲೆಯಲ್ಲಿಯೂ ಎಂದಾದರೂ ಗೊಂಬೆಯಾಟ ನಡೆದೀತು. ಅಂದು ಮನದಣಿಯೆ ನೋಡಿ, ನಗಿರಿ, ಗೊಂಬೆಯನ್ನು ಜೀವಂತವೆಂದೇ ನಂಬಿರಿ. ಆಟ ಮುಗಿದೊಡನೆ ಮಾತ್ರ ಮನೆಗೆ ಓಡಬೇಡಿ. ತೆರೆಯ ಹಿಂದೆ ಹೋಗಿ, “ತಮ್ಮ ಹೆಸರೇನು?” ಎಂದು ವಿನಯದಿಂದ ಕೇಳಿರಿ. ನಾನು ತಡಮಾಡಿ ಕಳೆದುಕೊಂಡ ಉತ್ತರ ನಿಮಗಾದರೂ ದೊರೆಯಲಿ.